ಊರಿಗೆ ಬಂದವರಿಗೆ ಚಿತ್ರಪುಸ್ತಕದ ಕನ್ನಡ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಕಂಪ್ಲಿಯ ಅಕ್ಕಿ ಗಿರಣಿ, ಹೊಸಪೇಟೆಯ ಬ್ಯಾಂಕು, ಹಂಪಿಯ ಸುತ್ತಲಿನ ಹೋಟೆಲು. ಎಲ್ಲಿಗೆ ಹೋದರೂ ಕನ್ನಡ ಬಾರದ, ಆದರೆ ಇಲ್ಲೇ ಬಾಳುವೆ ಮಾಡುವ ಒಬ್ಬರಾದರೂ ಎದುರಾಗುತ್ತಾರೆ. ಬಿಹಾರದವರು, ಒಡಿಶಾದವರು, ಉತ್ತರ ಪ್ರದೇಶದವರು. ಕಲಿಯಲು ಮನಸ್ಸಿಲ್ಲದವರ ಮಾತು ಬಿಡಿ. ಮನಸ್ಸಿದ್ದವರು ಬಸ್‌ ನಿಲ್ದಾಣದ ಅಂಗಡಿಯಲ್ಲಿ ‘ಮೂವತ್ತು ದಿನಗಳಲ್ಲಿ ಕನ್ನಡ’ ಥರದ ಪುಸ್ತಕ ಕೊಳ್ಳುತ್ತಾರೆ. ಮೊದಲ ಪುಟಗಳಲ್ಲಿ ವರ್ಣಮಾಲೆ, ಆಮೇಲೆ ತರಕಾರಿಗಳ ಪಟ್ಟಿ, ಆಮೇಲೆ ಬಂಧುಬಳಗದ ಪಟ್ಟಿ. ಪಟ್ಟಿ ಮುಗಿಯುವ ಮೊದಲೇ ಪುಸ್ತಕ ಟ್ರಂಕಿನ ತಳ ಸೇರುತ್ತದೆ. ಆಮೇಲೆ ಪಕ್ಕದ ಮನೆಯವರನ್ನೋ ಜೊತೆಗೆ ಕೆಲಸ ಮಾಡುವವರನ್ನೋ ಕೇಳುತ್ತಾರೆ: ‘ಥೋಡಾ ಕನ್ನಡ ಸಿಖಾ ದೀಜಿಯೇ.’

ಈ ಲೇಖನ ಹಾಗೆ ಕೇಳಿಸಿಕೊಂಡವರಿಗಾಗಿ. ನೀವು ಮೇಷ್ಟ್ರಾಗಿರಬೇಕಿಲ್ಲ, ವ್ಯಾಕರಣ ಗೊತ್ತಿರಬೇಕಿಲ್ಲ. ನಾಲ್ಕೈದು ಒಳ್ಳೆಯ ಮಕ್ಕಳ ಚಿತ್ರಪುಸ್ತಕ, ವಾರಕ್ಕೆ ಎರಡು ಮೂರು ಸಂಜೆ, ಒಮ್ಮೆಗೆ ಮುಕ್ಕಾಲು ಗಂಟೆ ಇದ್ದರೆ ಸಾಕು. ಒಂದು ಷರತ್ತು ಮಾತ್ರ ಉಂಟು: ಮಕ್ಕಳ ಪುಸ್ತಕವನ್ನು ಮಕ್ಕಳಿಗೆ ಕಲಿಸಿದಂತೆ ದೊಡ್ಡವರಿಗೆ ಕಲಿಸಬಾರದು.

ಚಿತ್ರ ಮುಂದಿಟ್ಟುಕೊಂಡು ಭಾಷೆ ಕಲಿಸುವುದು ಹೊಸತೇನೂ ಅಲ್ಲ. ಕೊಮೇನಿಯಸ್‌ ಎಂಬ ಶಿಕ್ಷಕ 1658ರಲ್ಲಿ ನ್ಯೂರೆಂಬರ್ಗ್‌ನಿಂದ ಪ್ರಕಟಿಸಿದ ‘ಆರ್ಬಿಸ್‌ ಪಿಕ್ಟಸ್‌’ ಲ್ಯಾಟಿನ್‌ ಕಲಿಸಲಿಕ್ಕಾಗಿಯೇ ಮಾಡಿದ ಚಿತ್ರಪುಸ್ತಕ. ಮರ್ಸರ್‌ ಮೇಯರ್‌ 1969ರಲ್ಲಿ ಮಾಡಿದ, ಕಳೆದುಹೋದ ಕಪ್ಪೆಯನ್ನು ಹುಡುಗನೊಬ್ಬ ಹುಡುಕುವ ಪುಸ್ತಕದಲ್ಲಿ ಕಥೆ ಹೇಳುವ ಒಂದು ವಾಕ್ಯವೂ ಇಲ್ಲ. ಆದರೂ ಭಾಷಾವಿಜ್ಞಾನಿಗಳು ಅದೊಂದನ್ನೇ ಹಿಡಿದು ಹತ್ತಾರು ಭಾಷೆಗಳ ಮಕ್ಕಳಿಂದಲೂ ದೊಡ್ಡವರಿಂದಲೂ ಕಥೆ ಹೇಳಿಸಿ ಅಧ್ಯಯನ ಮಾಡಿದ್ದಾರೆ. ಚಿತ್ರ ಕಣ್ಣ ಮುಂದಿದ್ದರೆ ಏನು ಹೇಳಬೇಕೆಂಬ ಚಿಂತೆ ಇರುವುದಿಲ್ಲ, ಹೇಗೆ ಹೇಳಬೇಕೆಂಬುದಷ್ಟೇ ಉಳಿಯುತ್ತದೆ. ಭಾಷೆ ಕಲಿಯಲು ಹೊರಟವರಿಗೆ ಅರ್ಧ ಭಾರ ಇಳಿದಂತೆ.

ಯಾವ ಪುಸ್ತಕ, ಎಲ್ಲಿ ಸಿಗುತ್ತದೆ

ಬೆಂಗಳೂರಿನ ಪ್ರಥಮ್‌ ಬುಕ್ಸ್‌ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ಹೆಸರು ಹೇಳಿ ಬಳಸಿದರೆ ಇಳಿಸಿಕೊಳ್ಳಲು, ಮುದ್ರಿಸಲು, ವಾಕ್ಯ ಬದಲಿಸಲು ಅನುಮತಿ ಇದೆ. ಈ ಬದಲಿಸುವ ಅನುಮತಿ ನಮಗೆ ಬಹಳ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ಬೇರೆ ಪ್ರಕಾಶಕರ ಪುಸ್ತಕಗಳನ್ನು ಹೀಗೆ ಜೆರಾಕ್ಸ್‌ ಮಾಡಿ ಹಂಚಬಾರದು, ಕೊಂಡೇ ಬಳಸಬೇಕು. ನ್ಯಾಷನಲ್‌ ಬುಕ್‌ ಟ್ರಸ್ಟಿನ ಮಕ್ಕಳ ಪುಸ್ತಕಗಳು ಈಗಲೂ ಅಗ್ಗ. ಚೆನ್ನೈನ ತೂಲಿಕಾದವರದು ಒಂದೇ ಪುಟದಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಇಟ್ಟ ಪುಸ್ತಕಗಳು. ಉಕ್ಕಿನ ಕಾರ್ಖಾನೆ ಟೌನ್‌ಶಿಪ್ಪಿನ ಎಂಜಿನಿಯರಿಗೆ ಅವು ಹಿಡಿಸುತ್ತವೆ, ಆದರೆ ಕಣ್ಣು ಇಂಗ್ಲಿಷಿನ ಸಾಲಿಗೇ ಜಾರುತ್ತದೆ. ಅಂಥ ಪುಸ್ತಕ ಬಳಸುವಾಗ ಇಂಗ್ಲಿಷ್‌ ಸಾಲಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟುಕೊಳ್ಳಿ.

ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಬನ್ನಿ. ಹಿಂದೆ ಪಂಚಾಯಿತಿ ಗ್ರಂಥಾಲಯ ಅನ್ನುತ್ತಿದ್ದೆವಲ್ಲ, ಅದೇ. ‘ಓದುವ ಬೆಳಕು’ ಅಭಿಯಾನದ ನಂತರ ಅಲ್ಲಿ ಮಕ್ಕಳ ಪುಸ್ತಕಗಳಿಗೆ ಜಾಗ ಸಿಕ್ಕಿದೆ.

ಆರಿಸುವಾಗ ನಾನು ನೋಡುವುದು ಇಷ್ಟು. ಪುಟಕ್ಕೆ ಒಂದೇ ಕೆಲಸ ನಡೆಯುತ್ತಿರಬೇಕು, ಒಂದೋ ಎರಡೋ ಸಾಲು ಇರಬೇಕು, ಒಂದೇ ವಾಕ್ಯ ಸ್ವಲ್ಪ ಬದಲಾಗಿ ಮತ್ತೆ ಮತ್ತೆ ಬರಬೇಕು. ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸನ ಕ್ಷೌರದ ಕಥೆ ಇದಕ್ಕೆ ಒಳ್ಳೆಯ ಮಾದರಿ. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ರೈತ ಅವನು. ಕ್ಷೌರಿಕನನ್ನು ಕೇಳುತ್ತಾನೆ, ಆಗುವುದಿಲ್ಲ. ಹೆಂಡತಿಯನ್ನು ಕೇಳುತ್ತಾನೆ, ದರ್ಜಿಯನ್ನು ಕೇಳುತ್ತಾನೆ, ಬಡಗಿಯನ್ನು ಕೇಳುತ್ತಾನೆ. ಯಾರಿಗೂ ಪುರುಸೊತ್ತಿಲ್ಲ. ಒಂದು ಬೇಡಿಕೆ, ಒಂದು ನಿರಾಕರಣೆ, ಮತ್ತೊಬ್ಬ ಮನುಷ್ಯ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಕಲಿಯುವವರೇ ಮುಂದಿನ ವಾಕ್ಯ ಹೇಳಿಬಿಡುತ್ತಾರೆ. ಪೇಟೆಗೆ ಹೋಗಿ ಕೆಲಸ ಮಾಡಿಸಿಕೊಳ್ಳುವ ಮಾತು ಅದು, ನಾಳೆಯೇ ಉಪಯೋಗಕ್ಕೆ ಬರುತ್ತದೆ.

ಪ್ರಾಸಬದ್ಧ ಪುಸ್ತಕಗಳನ್ನು ಪಕ್ಕಕ್ಕಿಡಿ. ನಮಗೆ ಕೇಳಲು ಇಂಪು, ಆದರೆ ಪ್ರಾಸಕ್ಕಾಗಿ ಹಿಂದುಮುಂದಾದ ಪದಗಳನ್ನು ಹೊಸಬರು ಹಾಗೇ ಕಲಿತುಬಿಡುತ್ತಾರೆ. ಮೊಲ, ಆಮೆ, ನರಿಯ ನೀತಿಕಥೆಗಳೂ ಮೊದಲಿಗೆ ಬೇಡ. ಕ್ರೇನ್‌ ನಡೆಸುವ ಮೂವತ್ತೈದು ವರ್ಷದವರು ಆಮೆಯಿಂದ ಕಲಿಯುವ ನೀತಿ ಏನಿದ್ದೀತು?

ದೊಡ್ಡವರಿಗೆ ಇದರಲ್ಲಿ ನಾಚಿಕೆ ಇದ್ದೇ ಇರುತ್ತದೆ, ಅದನ್ನು ಹಗುರವಾಗಿ ಎಣಿಸಬೇಡಿ. ಒಂದು ಸುಲಭದ ದಾರಿ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ, ಕೇಂದ್ರ ಪಠ್ಯಕ್ರಮದವುಗಳಲ್ಲೂ, ಕನ್ನಡ ಒಂದು ಭಾಷೆಯಾಗಿ ಇರಲೇಬೇಕು. ಹಾಗಾಗಿ ಬಂದವರ ಮಕ್ಕಳು ಹೇಗೂ ಕನ್ನಡ ಕಲಿಯುತ್ತಿರುತ್ತಾರೆ. ‘ರಾತ್ರಿ ಮಗುವಿಗೆ ಓದಿ ಹೇಳಲಿಕ್ಕೆ’ ಅಂದರೆ ಅಪ್ಪ ಅಮ್ಮ ಆನೆಯ ಪುಸ್ತಕವನ್ನೂ ಸಂಕೋಚವಿಲ್ಲದೆ ಕೈಗೆತ್ತಿಕೊಳ್ಳುತ್ತಾರೆ. ಆದರೆ ಪಾಠದ ಹೊತ್ತಿಗೆ ಆ ಮಗುವನ್ನು ಹೊರಗೆ ಆಡಲು ಕಳಿಸಿ. ಪಕ್ಕದಲ್ಲಿ ಕೂತರೆ ಪ್ರತಿ ಪ್ರಶ್ನೆಗೂ ಮಗುವೇ ಉತ್ತರ ಹೇಳುತ್ತದೆ, ಅಪ್ಪ ನಗುತ್ತಾ ಕೂರುತ್ತಾನೆ.

ಮೊದಲು ಬಾಯಿ

ಮೊದಲ ಸಂಜೆ ಓದಬೇಡಿ, ಓದಿಸಲೂ ಬೇಡಿ. ಅಕ್ಷರಗಳಿರುವ ಜಾಗವನ್ನು ಕಾಗದದಿಂದ ಮುಚ್ಚಿ, ಚಿತ್ರವನ್ನಷ್ಟೇ ತೋರಿಸಿ ಮಾತಾಡಿ. ಪ್ರಶ್ನೆಗಳಿಗೆ ಒಂದು ಏರುವ ಕ್ರಮ ಇದೆ. ಮೊದಲು ತಲೆಯಾಡಿಸಿದರೆ ಸಾಕಾಗುವಂಥವು: ‘ಇವ್ರು ರೈತ್ರಾ?’ ಹೌದು. ‘ಇವ್ರು ಡಾಕ್ಟ್ರಾ?’ ಅಲ್ಲ. ಆಮೇಲೆ ಎರಡರಲ್ಲಿ ಒಂದನ್ನು ಎತ್ತಿಕೊಳ್ಳುವಂಥವು: ‘ಕೂದ್ಲು ಉದ್ದ ಐತಾ, ಗಿಡ್ಡ ಐತಾ?’ ಉತ್ತರದ ಪದ ಪ್ರಶ್ನೆಯಲ್ಲೇ ಇರುವುದರಿಂದ ಬಾಯಿ ಹೊರಳುತ್ತದೆ. ಅದಾದ ಮೇಲೆ ಯಾರು, ಎಲ್ಲಿ, ಏನು. ‘ಯಾಕೆ’ ಎಂಬ ಪ್ರಶ್ನೆಯನ್ನು ಎರಡನೆಯ ವಾರದ ತನಕ ತಡೆಹಿಡಿಯಿರಿ. ಅದಕ್ಕೆ ಉತ್ತರಿಸಲು ಪೂರ್ತಿ ವಾಕ್ಯ ಕಟ್ಟಬೇಕು. ಕಟ್ಟಲಾರದೆ ಸುಮ್ಮನೆ ಕೂತವರು ಮರುದಿನ ಬರುವುದಿಲ್ಲ.

ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಅದೇ ಮಾತನ್ನು ಸರಿಯಾಗಿ, ಒಪ್ಪಿಗೆಯ ದನಿಯಲ್ಲಿ ಮರುನುಡಿಯಿರಿ. ‘ಹೆಂಡತಿ ಹೋಗ್ತಾನೆ’ ಅಂದರೆ ‘ಹೌದ್ರಿ, ಹೆಂಡ್ತಿ ಹೋಗ್ತಾಳೆ’ ಅಂದು ಪುಟ ತಿರುಗಿಸಿ. ಹಿಂದಿಯವರು ಮೇಜು, ಕುರ್ಚಿ, ರೊಟ್ಟಿಗೂ ಲಿಂಗ ಹುಡುಕುತ್ತಾರೆ. ಕನ್ನಡದಲ್ಲಿ ವಸ್ತುಗಳೆಲ್ಲ ‘ಅದು’ ಎಂದು ತಿಳಿದಾಗ ಅವರಿಗಾಗುವ ಸಮಾಧಾನ ನೋಡಬೇಕು. ‘ನನಗೆ ಬೇಕು’, ‘ನನಗೆ ಗೊತ್ತು’ ಎಂಬ ಕಟ್ಟೋಣ ಹಿಂದಿಯಲ್ಲೂ ಹಾಗೇ ಇರುವುದರಿಂದ ಅವು ಬೇಗ ಹತ್ತುತ್ತವೆ. ಇಂಥ ಅನುಕೂಲಗಳನ್ನು ಮೊದಲ ವಾರದಲ್ಲೇ ಬಳಸಿಕೊಂಡುಬಿಡಿ.

ಒಂದೇ ಪುಸ್ತಕವನ್ನು ಮೂರು ನಾಲ್ಕು ಸಂಜೆ ಎಳೆಯಬಹುದು. ಎರಡನೆಯ ಸಂಜೆ ನೀವು ಬೇಕೆಂದೇ ತಪ್ಪು ಕಥೆ ಹೇಳಿ: ದರ್ಜಿಯ ಚಿತ್ರ ತೋರಿಸಿ ‘ಇವ್ರು ಬಡಗಿ’ ಅನ್ನಿ. ನಿಮ್ಮನ್ನು ತಿದ್ದುವ ಖುಷಿಗಾದರೂ ಅವರು ಬಾಯಿ ಬಿಡುತ್ತಾರೆ. ಮೂರನೆಯ ಸಂಜೆ ಕಥೆ ಅವರದು, ಕೇಳುವ ಸರದಿ ನಿಮ್ಮದು.

ಪುಸ್ತಕದ ಕನ್ನಡ, ಪೇಟೆಯ ಕನ್ನಡ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕಲಿಸುವವರಲ್ಲಿ ಹೆಚ್ಚಿನವರು ಗಮನಿಸದ ಜಾಗ ಇದು.

ಮಕ್ಕಳ ಪುಸ್ತಕದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಾರೆ. ‘ಬಾ’, ‘ಕೊಡು’, ‘ನೀನು ಯಾರು?’ ಮಂಗ ಮೊಸಳೆಯೊಡನೆ ಹಾಗೆ ಮಾತಾಡಿದರೆ ಚೆಂದ. ಅದೇ ಪುಸ್ತಕದಿಂದ ಕಲಿತ ಗಿರಣಿ ಕೆಲಸಗಾರ ಕಂಪ್ಲಿಯ ಬಜಾರಿನಲ್ಲಿ ಅರವತ್ತು ವರ್ಷದ ಅಂಗಡಿ ಯಜಮಾನರಿಗೆ ‘ಏ, ಸಕ್ಕರೆ ಕೊಡು’ ಅಂದರೆ ಏನಾದೀತು? ಕನ್ನಡ ಕಲಿತದ್ದಕ್ಕೇ ಬೈಸಿಕೊಳ್ಳುವ ಪ್ರಸಂಗ. ಆದ್ದರಿಂದ ಪುಸ್ತಕದ ಸಂಭಾಷಣೆಗಳನ್ನೆಲ್ಲ ಮೊದಲ ದಿನದಿಂದಲೇ ಬಹುವಚನಕ್ಕೆ ತಿರುಗಿಸಿ: ಬರ್ರಿ, ಕೊಡ್ರಿ, ಕುಂದರ್ರಿ, ಯಾರ್ರೀ. ಹಿಂದಿಯಲ್ಲಿ ತೂ, ತುಮ್‌, ಆಪ್‌ ಎಂಬ ಮೂರು ಮೆಟ್ಟಿಲು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ, ರೂಪ ಹೇಳಿಕೊಟ್ಟರೆ ಸಾಕು. ಏಕವಚನವನ್ನು ಆಮೇಲೆ, ಮಕ್ಕಳನ್ನು ಮಾತಾಡಿಸುವ ಪುಟ ಬಂದಾಗ ಕಲಿಸಿ. ಜೊತೆಗೇ ಅಣ್ಣ, ಅಕ್ಕ, ಕಾಕಾ, ಅಮ್ಮ, ಯಪ್ಪಾ ಯಾರಿಗೆ ಯಾವಾಗ ಎಂಬುದನ್ನೂ.

ಇನ್ನೊಂದು ತೊಡಕು ಕ್ರಿಯಾಪದದ್ದು. ಪುಸ್ತಕದಲ್ಲಿ ‘ಬಸ್ಸು ಬರುತ್ತಿದೆ’ ಎಂದಿರುತ್ತದೆ. ಹೊಸಪೇಟೆಯ ನಿಲ್ದಾಣದಲ್ಲಿ ಕಿವಿಗೆ ಬೀಳುವುದು ‘ಬಸ್ಸು ಬರಾಕತ್ತೈತಿ’. ಮೊದಲನೆಯದನ್ನು ಮಾತ್ರ ಕಲಿತವರಿಗೆ ಎರಡನೆಯದು ಬೇರೆ ಭಾಷೆಯೇ ಅನ್ನಿಸುತ್ತದೆ. ಯಾವುದನ್ನು ಕಲಿಸಬೇಕು? ಶಿಷ್ಟ ಕನ್ನಡದ ಪಕ್ಷಪಾತಿಗಳು ನನ್ನ ಮೇಲೆ ಸಿಟ್ಟಾದರೂ ಸರಿ, ಬಾಯಿಗೆ ಊರಿನದು, ಕಣ್ಣಿಗೆ ಪುಸ್ತಕದ್ದು ಎನ್ನುವುದು ನನ್ನ ಅಭಿಪ್ರಾಯ. ಚಿತ್ರದ ಬಗ್ಗೆ ಮಾತಾಡುವಾಗ ನೀವು ಮನೆಯಲ್ಲಿ ಆಡುವ ಕನ್ನಡವನ್ನೇ ಆಡಿ. ಓದುವ ಹಂತಕ್ಕೆ ಬಂದಾಗ ಅಚ್ಚಾದದ್ದನ್ನು ಇದ್ದಂತೆಯೇ ಓದಿಸಿ. ಸ್ಟೋರಿವೀವರ್‌ ಪುಸ್ತಕವಾದರೆ ಸಾಲುಗಳನ್ನೇ ಊರಿನ ಮಾತಿಗೆ ಬದಲಿಸಿ ಮುದ್ರಿಸಿಕೊಳ್ಳಬಹುದು. ಬದಲಿಸುವ ಅನುಮತಿ ಮುಖ್ಯ ಎಂದದ್ದು ಇದಕ್ಕೇ.

ಆಮೇಲೆ ಅಕ್ಷರ

ಬಾಯಿಗೆ ಬಂದ ಕಥೆಯ ಅಕ್ಷರಗಳನ್ನು ಗುರುತಿಸುವುದು ಹೊಸ ಕಥೆಯನ್ನು ಓದಿದಷ್ಟು ಕಷ್ಟವಲ್ಲ. ಆದ್ದರಿಂದ ಮುಚ್ಚಿದ ಕಾಗದ ತೆಗೆಯುವುದು ಮೂರನೆಯ ಸಂಜೆಯ ನಂತರವೇ.

ಅಆಇಈ ಕ್ರಮದಲ್ಲೇ ಹೋಗಬೇಕೆಂದಿಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾಗಿ ನಮ್ಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಮಕ್ಕಳು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಜೊತೆಗೆ ಈ ಐದರಿಂದಲೇ ಸರ, ಅರಸ, ಗರಗಸದಂಥ ಪದಗಳು ಹುಟ್ಟುತ್ತವೆ. ನಿಮ್ಮೂರಿನ ಶಾಲೆಯಲ್ಲಿ ನಲಿ-ಕಲಿ ಮಾಡುವ ಮೇಡಂ ಇದ್ದರೆ ಅವರ ಕಾರ್ಡುಗಳನ್ನು ನೋಡಿ ಬನ್ನಿ. ಅವೂ ಚಿತ್ರಗಳಿಂದಲೇ ತುಂಬಿವೆ.

ಹಿಂದಿ ಓದಬಲ್ಲವರಿಗೆ ಕಖಗಘದ ಕ್ರಮ, ಗುಣಿತ ಎರಡೂ ಪರಿಚಿತ. ಆಕಾರ ಮಾತ್ರ ಹೊಸದು. ಅವರು ಎಡವುವುದು ಎ-ಏ, ಒ-ಓ ಜೋಡಿಗಳಲ್ಲಿ, ಮತ್ತೆ ಳಕಾರದಲ್ಲಿ. ಒಡಿಯಾದಲ್ಲಿ ಳ ಇರುವುದರಿಂದ ಒಡಿಶಾದವರ ನಾಲಗೆಗೆ ಅದು ಸುಲಭ. ತೆಲುಗು ಬಲ್ಲವರಂತೂ ಅರ್ಧ ಗಂಟೆಯಲ್ಲಿ ಅರ್ಧ ಓದಿಬಿಡುತ್ತಾರೆ, ಅವರಿಗಾಗಿ ಈ ವಿಭಾಗ ಬರೆದೇ ಇಲ್ಲ.

ಕನ್ನಡದ ಸಾಲಿನ ಕೆಳಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉಚ್ಚಾರ ಬರೆದುಕೊಡಿ ಎಂದು ಎಲ್ಲರೂ ಕೇಳುತ್ತಾರೆ. ಬರೆದುಕೊಡಬೇಡಿ. ಚೀನೀ ಭಾಷೆ ಕಲಿಸುವವರಿಗೂ ಇದೇ ತಲೆನೋವು. ಅಲ್ಲಿನ ಮಕ್ಕಳ ಪುಸ್ತಕಗಳಲ್ಲಿ ಲಿಪಿಚಿಹ್ನೆಯ ಮೇಲೆ ಪಿನ್‌ಯಿನ್‌ ಎಂಬ ರೋಮನ್‌ ಉಚ್ಚಾರ ಅಚ್ಚಾಗಿರುತ್ತದೆ, ವಿದೇಶೀ ಕಲಿಕೆಗಾರರ ಕಣ್ಣು ಅದನ್ನೇ ಓದಿ ಚಿಹ್ನೆಯನ್ನು ನೋಡದೆ ದಾಟುತ್ತದೆ. ಸಾವಿರಾರು ಚಿಹ್ನೆಗಳ ಆ ಭಾಷೆಯಲ್ಲಿ ಅಮೆರಿಕದ ಟೆರಿ ವಾಲ್ಟ್ಜ್‌ ಎಂಬ ಶಿಕ್ಷಕಿ ಹಿಡಿದ ದಾರಿ ಎಂದರೆ, ಮೊದಲು ಕಿವಿಯಿಂದ ಭಾಷೆ ಗಟ್ಟಿಯಾಗಲಿ, ಆಮೇಲೆ ಗೊತ್ತಿರುವ ಮಾತುಗಳನ್ನೇ ಚಿಹ್ನೆಗಳಲ್ಲಿ ಓದಲಿ ಎಂಬುದು. ನಮ್ಮದು ನಲವತ್ತೊಂಬತ್ತೇ ಅಕ್ಷರ. ಒತ್ತಕ್ಷರ ಸೇರಿಸಿದರೂ ಅಷ್ಟು ದೊಡ್ಡ ಬೆಟ್ಟವಲ್ಲ, ಊರುಗೋಲು ಬೇಕಿಲ್ಲ.

ತಾಂಡಾದಲ್ಲಿ ಪಾಠ ತಲೆಕೆಳಗು

ಸಂಡೂರು ಸುತ್ತಿನ ಲಂಬಾಣಿ ತಾಂಡಾಗಳಲ್ಲಿ ವಿಷಯವೇ ಬೇರೆ. ಅಲ್ಲಿನ ಹಿರಿಯ ಹೆಂಗಸರು ಮನೆಯಲ್ಲಿ ಗೋರ್‌ ಬೋಲಿ ಆಡುತ್ತಾರೆ, ಸಂತೆಯಲ್ಲಿ ಕನ್ನಡ ಸಲೀಸು. ಬಾರದ್ದು ಅಕ್ಷರ ಮಾತ್ರ. ಇವರಿಗೆ ಪ್ರಶ್ನೆ ಕೇಳುವ ಹಂತ ಬೇಕಿಲ್ಲ. ಚಿತ್ರ ತೋರಿಸಿ, ಅವರೇ ಹೇಳಲಿ, ಹೇಳಿದ್ದನ್ನು ನೀವು ದೊಡ್ಡಕ್ಷರದಲ್ಲಿ ಬರೆಯಿರಿ. ಅವರ ವಾಕ್ಯ, ಅವರ ಪದ, ಒಂದೂ ತಿದ್ದದೆ. ಆಮೇಲೆ ಅದನ್ನೇ ಬೆರಳಿಟ್ಟು ಓದಿಸಿ. ತಾನು ಆಡಿದ ಮಾತೇ ಆದ್ದರಿಂದ ಸಾಲಿನಲ್ಲಿ ಏನಿದೆ ಎಂದು ಮೊದಲೇ ಗೊತ್ತು, ಯಾವ ಆಕಾರ ಯಾವ ಸದ್ದಿನದು ಎಂಬುದಷ್ಟೇ ಕಂಡುಕೊಳ್ಳಬೇಕಾದದ್ದು.

ಇದಕ್ಕೆ ಅಂಗಡಿಯ ಪುಸ್ತಕಕ್ಕಿಂತ ಕೈಯಲ್ಲಿ ಮಾಡಿದ್ದೇ ಮೇಲು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದನ್ನು ಹೊಲಿಯುವವರಿಗೆ ತಮ್ಮ ಕೆಲಸದ ಫೋಟೊಗಳಿಗಿಂತ ಒಳ್ಳೆಯ ಚಿತ್ರಗಳು ಎಲ್ಲಿವೆ? ಬಟ್ಟೆ, ಸೂಜಿ, ದಾರ, ಕನ್ನಡಿ ಚೂರು, ಕವಡೆ, ಮುಗಿದ ಚೀಲ. ಒಂದು ಎ4 ಹಾಳೆಯನ್ನು ಎಂಟು ಸಮಭಾಗವಾಗಿ ಮಡಚಿ ಬಿಡಿಸಿ. ಗಿಡ್ಡ ಅಂಚುಗಳು ಒಂದರ ಮೇಲೊಂದು ಕೂರುವಂತೆ ಅರ್ಧಕ್ಕೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಭಾಗದಷ್ಟು ಕತ್ತರಿಸಿ. ಪೂರ್ತಿ ಬಿಡಿಸಿದಾಗ ಹಾಳೆಯ ನಡುವೆ ಸೀಳು ಕಾಣಬೇಕು. ಈಗ ಉದ್ದಕ್ಕೆ ಮಡಚಿ ಎರಡು ತುದಿಗಳನ್ನೂ ಒಳಕ್ಕೆ ಒತ್ತಿದರೆ ಸೀಳು ಬಾಯಿ ತೆರೆದು ಎಂಟು ಪುಟದ ಪುಸ್ತಕವಾಗಿ ಕೂರುತ್ತದೆ: ಮುಖಪುಟ, ಹಿಂಬದಿ, ನಡುವೆ ಆರು ಪುಟ. ಹೊಲಿಗೆ ಬೇಡ, ಗೋಂದೂ ಬೇಡ. ಪುಟಕ್ಕೊಂದು ಫೋಟೊ ಅಂಟಿಸುವುದಾದರೆ ಮಾತ್ರ ಗೋಂದು.

ಕಂಪ್ಲಿಯ ಗಿರಣಿಯವರಿಗೆ ಇದೇ ಅಳತೆಯಲ್ಲಿ ಭತ್ತದ ಪುಸ್ತಕ ಮಾಡಿ: ನಾಟಿ, ಕಳೆ, ಕೊಯ್ಲು, ಚೀಲ, ಅಕ್ಕಿ, ನುಚ್ಚು, ತೌಡು. ಟೌನ್‌ಶಿಪ್ಪಿನವರಿಗೆ ಗ್ಯಾಸ್‌ ಸಿಲಿಂಡರ್‌, ಹಾಲಿನವರು, ಆಸ್ಪತ್ರೆ ಚೀಟಿ. ಮಕ್ಕಳ ಪುಸ್ತಕಗಳಲ್ಲಿ ಹುಲಿ ಧಾರಾಳ, ಸಿಲಿಂಡರ್‌ ಇಲ್ಲವೇ ಇಲ್ಲ.

ಹಂಪಿಯ ಗೋಡೆ

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಹಂಪಿಗೆ ಕರೆದುಕೊಂಡು ಹೋಗಿ. ಹಜಾರ ರಾಮ ದೇವಸ್ಥಾನದ ಆವರಣದ ಹೊರಗೋಡೆಯಲ್ಲಿ ಸಾಲು ಸಾಲಾಗಿ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಎಣಿಸಲು, ‘ಯಾರು ಮುಂದೆ, ಯಾರು ಹಿಂದೆ’ ಎಂದು ಕೇಳಲು ಅದು ಸಾಕು. ಒಳಗೆ ಹೋದರೆ ಗುಡಿಯ ಗೋಡೆಗಳ ಮೇಲೆ ಮೂರು ಸಾಲಿನಲ್ಲಿ ರಾಮಾಯಣ. ಕಥೆ ಅವರಿಗೆ ಬಾಯಿಪಾಠ, ಕನ್ನಡ ಮಾತ್ರ ಹೊಸದು. ದಶರಥ, ಬಿಲ್ಲು, ಜಿಂಕೆ, ರಾವಣ ಎಂದು ಒಂದೊಂದನ್ನೇ ಅವರೇ ಗುರುತಿಸಿ ‘ಇಲ್ಲಿ ರಾಮ ಏನ್‌ ಮಾಡಾಕತ್ತಾನ?’ ಎಂಬುದಕ್ಕೆ ಉತ್ತರ ಕಟ್ಟುತ್ತಾರೆ. ಉತ್ತರ ಭಾರತದಿಂದ ಬಂದ ಬಹಳಷ್ಟು ಜನ ನದಿಯಾಚೆಯ ಅಂಜನಾದ್ರಿಗೆ ಹೇಗೂ ಹೋಗುತ್ತಾರೆ. ಹನುಮಂತ ಹುಟ್ಟಿದ ಬೆಟ್ಟ ಎಂಬ ನಂಬಿಕೆ ಅಲ್ಲಿನದು. ಹೋಗುವ ದಾರಿಯ ಮಾತನ್ನೂ ಇದಕ್ಕೇ ಸೇರಿಸಿಕೊಳ್ಳಬಹುದು. ಶಿಲ್ಪಗಳನ್ನು ಮುಟ್ಟಿ ತೋರಿಸಬೇಡಿ, ಕೈಸನ್ನೆ ಸಾಕು. ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲೂ ಗಿರಿಜಾಕಲ್ಯಾಣ, ವಿದ್ಯಾರಣ್ಯರ ಮೆರವಣಿಗೆಯ ಬಣ್ಣದ ಚಿತ್ರಗಳಿವೆ, ಆದರೆ ಕತ್ತು ನೋಯುವುದರಿಂದ ಅಲ್ಲಿ ಪಾಠ ಚಿಕ್ಕದಾಗುತ್ತದೆ.

ದಾರಿ ಹೇಳುವ ಮಾತಿಗೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯ ಹೇಳಿ ಮಾಡಿಸಿದ್ದು. ಅಂಗಳದಲ್ಲಿ ಹಂಪಿಯ ಇಡೀ ನೆಲದ ಕಿರುಮಾದರಿ ಇದೆ. ಸುತ್ತ ನಿಂತು ‘ಹೊಳಿ ದಾಟಿ, ಎಡಕ್ಕ ಹೋಗಿ, ಗುಡ್ಡದ ಹಿಂದ’ ಎಂದು ಒಬ್ಬರು ಹೇಳುವುದು, ಇನ್ನೊಬ್ಬರು ಬೆರಳಲ್ಲಿ ದಾರಿ ಹಿಡಿಯುವುದು. ಗುಂಪಿನಲ್ಲಿ ಆಡಿದರೆ ಚೆಂದ.

ಚಿತ್ರಪುಸ್ತಕ ಯಾವಾಗ ಬಿಡಬೇಕು? ಹಿಂದೆ ನೋಡಿರದ, ಸ್ಟೋರಿವೀವರ್‌ ತಾಣದ 2ನೇ ಮಟ್ಟದ ಪುಸ್ತಕವೊಂದನ್ನು ಕೊಡಿ. ನಿಮ್ಮ ನೆರವಿಲ್ಲದೆ ಓದಿ, ಮುಚ್ಚಿಟ್ಟು, ಕಥೆ ಹೇಳಿದರೆ ಅಲ್ಲಿಗೆ ಬಿಡಬಹುದು. ಮುಂದಿನ ಓದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳ ಬೋರ್ಡು, ಅಂಗಡಿಗಳ ಹೆಸರು, ಪತ್ರಿಕೆಯ ವ್ಯಂಗ್ಯಚಿತ್ರ. ಕನ್ನಡದ ಅಂಕಿಗಳನ್ನು ಈ ಹಂತಕ್ಕೆ ಉಳಿಸಿಕೊಳ್ಳಿ. ೬ ಮತ್ತು ೯ ಅದಲುಬದಲಾಗುವುದು ಎಲ್ಲರಿಗೂ ಇದ್ದದ್ದೇ, ಎರಡನ್ನೂ ಒಂದೇ ದಿನ ಕಲಿಸಬೇಡಿ.